ತೊಟ್ಟಿಲಿರುವ ಮನೆಯ ಬಾಗಿಲು ತಟ್ಟುವವರಿಗೆ

ರಾಯದುರ್ಗ, ಮಡಕಶಿರಾ ಸೀಮೆಯ ಗ್ಯಾಸ್ ಏಜೆನ್ಸಿಗಳಿಗೆ, ವಿದ್ಯುತ್ ಕಚೇರಿಗಳಿಗೆ, ಸೋಲಾರ್ ಮಾರಾಟಗಾರರಿಗೆ ಒಂದು ಬಹಿರಂಗ ಪತ್ರ

ಅಡುಗೆಗೆ ಗ್ಯಾಸು, ದೀಪಕ್ಕೂ ಫ್ಯಾನಿಗೂ ಕರೆಂಟು, ಈಚೆಗೆ ಮಾಳಿಗೆಯ ಮೇಲೆ ಸೋಲಾರು. ಈ ಮೂರರ ಬೆನ್ನಿಗೂ ಮನೆಬಾಗಿಲಿಗೆ ಬರುವ ಜನ ಇದ್ದಾರೆ: ಸಿಲಿಂಡರ್ ಇಳಿಸುವವರು, ಪೈಪು ನೋಡುವವರು, ಮೀಟರ್ ಓದುವವರು, ಬಾಕಿ ಕೇಳುವವರು, ಸಬ್ಸಿಡಿಯ ಕಾಗದ ಹಿಡಿದು ಬರುವವರು. ಇವರು ಬರುವುದು ಹೆಚ್ಚಾಗಿ ಹಗಲು ಹೊತ್ತಿನಲ್ಲಿ. ಆಗ ಕೂಲಿಗೆ, ಹೊಲಕ್ಕೆ, ಕೆಲಸಕ್ಕೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ತೆರೆದಿರುವುದು ಎಳೆಯ ಮಕ್ಕಳಿರುವ ಮನೆ. ಹೀಗಾಗಿ ಬೀದಿಯಲ್ಲಿ ಎಲ್ಲರಿಗಿಂತ ಪುರುಸೊತ್ತು ಕಡಿಮೆ ಇರುವ ಮನೆಯ ಬಾಗಿಲೇ ಎಲ್ಲಕ್ಕಿಂತ ಹೆಚ್ಚು ಸಲ ಬಡಿಸಿಕೊಳ್ಳುತ್ತದೆ.

ಈ ಸೀಮೆಗೆ ಇನ್ನೊಂದು ತೊಡಕು ಸೇರಿಕೊಂಡಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ 2022ರ ಏಪ್ರಿಲ್ 4ರವರೆಗೆ ಅದೇ ಜಿಲ್ಲೆಯಲ್ಲಿದ್ದು, ಅಂದಿನಿಂದ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಬೇರೆಯಾದರೂ ಕರೆಂಟಿನ ಕಂಪನಿ ಎರಡಕ್ಕೂ ಒಂದೇ, ತಿರುಪತಿಯಲ್ಲಿ ಕೇಂದ್ರ ಕಚೇರಿಯಿರುವ ಎಪಿಎಸ್‌ಪಿಡಿಸಿಎಲ್. ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆಗಳಲ್ಲೂ ಡಿ. ಹಿರೇಹಾಳು, ಬೊಮ್ಮನಹಾಳು, ಕಣೇಕಲ್ಲುಗಳಲ್ಲೂ ಕನ್ನಡ ಮನೆಮಾತಾಗಿರುವ ಕುಟುಂಬಗಳು ತಲೆಮಾರುಗಳಿಂದ ಇವೆ. ಪಾವಗಡ, ಶಿರಾ, ಮೊಳಕಾಲ್ಮೂರು, ಬಳ್ಳಾರಿ ಕಡೆಯಿಂದ ಸೊಸೆಯಾಗಿ ಬಂದವರಿಗೆ ತೆಲುಗು ಮಾತು ವರ್ಷದೊಳಗೆ ರೂಢಿಯಾಗುತ್ತದೆ. ತೆಲುಗು ಅಕ್ಷರ ಅಷ್ಟು ಬೇಗ ಕೈಗೆ ಹತ್ತುವುದಿಲ್ಲ. ಬಿಲ್ಲು, ನೋಟಿಸು, ಒಪ್ಪಿಗೆ ಪತ್ರಗಳು ಬರುವುದು ತೆಲುಗಿನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಕಂಕುಳಲ್ಲಿ ಮಗುವನ್ನು ಹೊತ್ತು ಬಾಗಿಲಿಗೆ ಬಂದ ತಾಯಿ ಓದಲಾಗದ ಕಾಗದಕ್ಕೆ ಬಂದವರ ಬಾಯಿಮಾತು ನಂಬಿ ಸಹಿ ಹಾಕಬೇಕಾಗುತ್ತದೆ. ಒತ್ತಡದ ವ್ಯಾಪಾರ ನಿಂತಿರುವುದೇ ಈ ನಂಬಿಕೆಯ ಮೇಲೆ.

ಗ್ಯಾಸಿನಿಂದ ಆರಂಭಿಸುವುದು ಸರಿ, ಏಕೆಂದರೆ ಅದು ಮನೆಯೊಳಗೆ ಬರುವ ವ್ಯಾಪಾರ. ಹಿಂದಿನ ಅವಿಭಜಿತ ಆಂಧ್ರದಲ್ಲಿ 1999ರಲ್ಲಿ ಶುರುವಾದ ದೀಪಂ ಯೋಜನೆ ಸ್ವಸಹಾಯ ಸಂಘದ ಹೆಂಗಸರಿಗೆ ಗ್ಯಾಸ್ ಸಂಪರ್ಕ ಕೊಟ್ಟಿತು. 2016ರ ಮೇ 1ರಂದು ಕೇಂದ್ರದ ಉಜ್ವಲಾ ಬಂತು. 2024ರ ನವೆಂಬರ್ 1ರಿಂದ ದೀಪಂ-2ರಡಿ ಅರ್ಹ ಮನೆಗೆ ವರ್ಷಕ್ಕೆ ಮೂರು ಸಿಲಿಂಡರ್ ಉಚಿತ. ಗ್ರಾಹಕರು ಮೊದಲು ಹಣ ಕಟ್ಟಿ, ಅದು 48 ಗಂಟೆಯೊಳಗೆ ಖಾತೆಗೆ ಮರಳುವ ಏರ್ಪಾಡಿನೊಂದಿಗೆ ಯೋಜನೆ ಆರಂಭವಾಯಿತು. ಮಕ್ಕಳಿರುವ ಮನೆಗೆ ಇದರಿಂದಾದ ಲಾಭ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೌದೆ, ಬೆರಣಿಯ ಹೊಗೆ ಚಿಕ್ಕ ಮಕ್ಕಳಿಗೆ ಶ್ವಾಸಕೋಶದ ಸೋಂಕು ತಗಲುವ ಅಪಾಯವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುತ್ತದೆ. ಆದ್ದರಿಂದ ಗ್ಯಾಸ್ ಬೇಡವೆಂದು ಹೇಳುವ ತಾಯಿ ಯಾರೂ ಇಲ್ಲ. ಬೇಡವೆನಿಸುವುದು ಅದರ ಜೊತೆಗೆ ಕಟ್ಟಿಕೊಂಡು ಬರುವ ಬಾಲಂಗೋಚಿಗಳು.

ಅವುಗಳಲ್ಲಿ ಮೊದಲನೆಯದು ಪೈಪು. ಸುರಕ್ಷಾ ಪೈಪು ಎಂದು ಕರೆಯುವ ಕಿತ್ತಳೆ ಬಣ್ಣದ ರಬ್ಬರು ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಇದು ನಿಜವಾದ ನಿಯಮ, ಒಳ್ಳೆಯ ನಿಯಮ ಕೂಡ. ತಯಾರಾದ ವರ್ಷವನ್ನೂ ಐಎಸ್‌ಐ ಗುರುತನ್ನೂ ಪೈಪಿನ ಮೈಮೇಲೆಯೇ ಅಚ್ಚು ಹಾಕಿರುತ್ತಾರೆ. ಎಣ್ಣೆ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಯಾರಿಗಾದರೂ ಕಾಣುತ್ತದೆ. ತೊಂದರೆ ಆಗುವುದು ಎರಡು ವರ್ಷದ ಪೈಪಿಗೂ ಆಯಸ್ಸು ಮುಗಿದಿದೆ ಎಂದಾಗ. "ಅಕ್ಕಾ, ಪೈಪು ಬದಲಾಯಿಸದಿದ್ರೆ ಮುಂದಿನ ಸಿಲಿಂಡರ್ ಬರಲ್ಲ. ಏನಾದ್ರೂ ಆದ್ರೆ ಇನ್ಶೂರೆನ್ಸೂ ಇಲ್ಲ." ಈ ಎರಡು ವಾಕ್ಯ ಕೇಳದ ಅಡುಗೆಮನೆ ವಿರಳ. ಮನೆಯಲ್ಲಿ ಕೂಸಿದೆ ಎಂದು ಗೊತ್ತಾದರೆ ಮೂರನೆಯದೂ ಸೇರುತ್ತದೆ: "ಮಗು ಇರೋ ಮನೆ, ನೋಡಿಕೊಳ್ಳಿ." ಗ್ಯಾಸ್ ಅಪಘಾತದ ವಿಮೆಯನ್ನು ತೈಲ ಕಂಪನಿಗಳೇ ಮಾಡಿಸಿರುತ್ತವೆ, ಗ್ರಾಹಕರು ಅದಕ್ಕೆ ಕಂತು ಕಟ್ಟುವುದಿಲ್ಲ. ಹಳೆಯ ಪೈಪು ಅಪಾಯಕಾರಿ ಎಂದು ಹೇಳುವುದು ತಿಳಿವಳಿಕೆ. ಸರಿಯಿರುವ ಪೈಪಿಗೆ ಮಗುವಿನ ಹೆಸರು ಹೇಳಿ ಹೆದರಿಸುವುದು ವಂಚನೆ.

ಪರೀಕ್ಷೆಯ ವಿಷಯದಲ್ಲೂ ಗೊಂದಲವನ್ನು ಬೇಕೆಂದೇ ಉಳಿಸಲಾಗಿದೆ. ಐದು ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ತಪಾಸಣೆಗೆ ಶುಲ್ಕವೂ ಉಂಟು, ರಸೀದಿಯೂ ಉಂಟು. ಅದರ ಹೊರತಾಗಿ ಸಿಲಿಂಡರ್ ತಲುಪಿಸುವವರೇ ಒಲೆ, ಪೈಪು, ರೆಗ್ಯುಲೇಟರ್ ನೋಡುವ ಪ್ರಾಥಮಿಕ ಸುರಕ್ಷತಾ ಪರೀಕ್ಷೆಯನ್ನು ತೈಲ ಕಂಪನಿಗಳು ಉಚಿತವಾಗಿ ನಡೆಸಿವೆ. ಆಧಾರ್ ಜೋಡಿಸುವ ಇ-ಕೆವೈಸಿಗೂ ಹಣವಿಲ್ಲ, ಮೊಬೈಲ್ ಆ್ಯಪಿನಲ್ಲಿ ಮನೆಯಲ್ಲೇ ಮಾಡಬಹುದು. ಬಾಗಿಲಿಗೆ ಬಂದವರು ಈ ಮೂರನ್ನೂ ಕಲಸಿ ಒಂದೇ ಹೆಸರಿನಲ್ಲಿ ಹಣ ಕೇಳಿದರೆ, ತಾಯಿಗೆ ಯಾವುದು ಯಾವುದೆಂದು ಬಿಡಿಸಿ ನೋಡಲು ಪುರುಸೊತ್ತೆಲ್ಲಿ?

ತಪಾಸಣೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಬಂದವರು ರೆಗ್ಯುಲೇಟರ್ ಕಳಚಿ ಕೆಳಗಿಡುತ್ತಾರೆ, ಹಳೆಯ ಪೈಪನ್ನು ಒಲೆಯಿಂದ ಎಳೆದು ನೆಲಕ್ಕೆ ಹಾಕುತ್ತಾರೆ, ಸ್ಕ್ರೂಡ್ರೈವರು, ಬಿಗಿಯುವ ಕ್ಲಿಪ್ಪು, ಕತ್ತರಿಸಿದ ರಬ್ಬರಿನ ತುಂಡು ಎಲ್ಲ ಅಲ್ಲೇ ಹರಡಿರುತ್ತವೆ. ಅಂಬೆಗಾಲಿಡುವ ಮಗುವಿನ ಕೈ ಮೊದಲು ಹೋಗುವುದು ಆ ಕ್ಲಿಪ್ಪಿನ ಮೇಲೆ. ಎರಡನೆಯ ಗಳಿಗೆಯಲ್ಲಿ ಅದು ಬಾಯಲ್ಲಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೇರದೆ ನೆಲದುದ್ದಕ್ಕೆ ಹರಡಿಕೊಳ್ಳುತ್ತದೆ, ಮಗು ಇರುವ ಎತ್ತರದಲ್ಲೇ. ಹಾಗಾಗಿ ಪೈಪು ಬಿಚ್ಚುವ ಕೆಲಸಕ್ಕೆ ಮಗುವನ್ನು ಬೇರೆ ಕೋಣೆಯಲ್ಲಿ ನೋಡಿಕೊಳ್ಳುವ ಇನ್ನೊಬ್ಬರು ಮನೆಯಲ್ಲಿರಬೇಕು. ಮುಂಚೆ ತಿಳಿಸದೆ ಬಂದರೆ ಆ ಇನ್ನೊಬ್ಬರು ಎಲ್ಲಿಂದ ಬರಬೇಕು? ಸುರಕ್ಷತೆಯ ಹೆಸರಿನ ಭೇಟಿಯೇ ಮನೆಯಲ್ಲಿ ಆ ದಿನದ ದೊಡ್ಡ ಅಪಾಯವಾಗುವುದು ಹೀಗೆ.

ಸಿಲಿಂಡರ್ ಇಳಿಸುವ ಹುಡುಗರ ಬಗ್ಗೆ ಒಂದು ಮಾತು. ಅವರ ದುಡಿಮೆ ಕಠಿಣ. ಒಳಗಿನ ಅನಿಲವೇ 14.2 ಕಿಲೋ, ಉಕ್ಕಿನ ತೂಕ ಬೇರೆ. ಬಿಸಿಲಲ್ಲಿ ಮೂರನೆಯ ಮಹಡಿಗೂ ಅದನ್ನು ಹೆಗಲ ಮೇಲೆ ಹೊರುತ್ತಾರೆ. ಆದರೂ ಮನೆಗೆ ತಲುಪಿಸುವ ಖರ್ಚು ಬಿಲ್ಲಿನ ಬೆಲೆಯಲ್ಲೇ ಸೇರಿದೆ. ಅದರ ಮೇಲೆ ಕೇಳುವ ಇಪ್ಪತ್ತು, ಮೂವತ್ತು, ಐವತ್ತು ರೂಪಾಯಿಯನ್ನು ಏಜೆನ್ಸಿ ತನ್ನ ಜೇಬಿನಿಂದ ಕೂಲಿಯಾಗಿ ಕೊಡಬೇಕೇ ಹೊರತು ಬಾಗಿಲಲ್ಲಿ ವಸೂಲಿ ಮಾಡಿಸಬಾರದು. ತೂಕ ಹಾಕಿ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಡೆಲಿವರಿ ಕೋಡ್ ಹೇಳಬೇಕಾದ ಫೋನು ಅಷ್ಟು ಹೊತ್ತಿಗೆ ಮಗುವಿನ ಕೈಯಲ್ಲಿ ಕಾರ್ಟೂನ್ ತೋರಿಸುತ್ತಿರುತ್ತದೆ, ಕಸಿದುಕೊಂಡರೆ ಮನೆ ಹಾರಿಹೋಗುವ ಅಳು. ಇದಕ್ಕೆ ಯಾವ ಕಂಪನಿಯೂ ಹೊಣೆಯಲ್ಲ, ನಿಜ. ಎರಡು ನಿಮಿಷ ಕಾಯದೆ ಸಿಲಿಂಡರನ್ನು ವಾಪಸು ಒಯ್ಯುವುದಕ್ಕೆ ಮಾತ್ರ ಕಂಪನಿಯೇ ಹೊಣೆ.

ಹೊಸ ಸಂಪರ್ಕ ಬೇಕೆಂದವರಿಗೆ ಒಲೆಯನ್ನೂ ಇಲ್ಲೇ ಕೊಳ್ಳಬೇಕು ಎನ್ನುವುದು, ಸಿಲಿಂಡರಿನ ಜೊತೆ ಟೀಪುಡಿ, ಸೋಪಿನ ಪುಡಿ ದಾಟಿಸುವುದು ಹಳೆಯ ರೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಒಂದು ವಸ್ತು ಬೇಕಿದ್ದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂಬ ಷರತ್ತನ್ನು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಗುರುತಿಸಿದೆ.

ಕರೆಂಟಿನ ಕಥೆ ಬೇರೆ. ಇಲ್ಲಿ ಮಾರುವ ಒತ್ತಡಕ್ಕಿಂತ ಕಡಿಯುವ ಬೆದರಿಕೆ ದೊಡ್ಡದು. ಏಪ್ರಿಲ್, ಮೇ ತಿಂಗಳಲ್ಲಿ ರಾಯದುರ್ಗದ ಶೀಟಿನ ಮನೆಯಲ್ಲಿ ಫ್ಯಾನು ನಿಂತರೆ ಹಸುಗೂಸು ಅರ್ಧ ಗಂಟೆಯೂ ಮಲಗದು. ಇದು ಗೊತ್ತಿರುವವರು "ಇವತ್ತೇ ಕಟ್ಟದಿದ್ರೆ ಫ್ಯೂಸ್ ಕೀಳ್ತೀವಿ" ಎಂದರೆ ತಾಯಿ ಅಕ್ಕಪಕ್ಕದಲ್ಲಿ ಸಾಲ ಮಾಡಿಯಾದರೂ ಕಟ್ಟುತ್ತಾಳೆ. ಕಾಯ್ದೆ ಹಾಗೆ ಹೇಳುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಬಾಕಿಗಾಗಿ ಕರೆಂಟು ಕಡಿಯುವ ಮೊದಲು ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸು ಕೊಡಬೇಕು. ಮನೆಯೊಳಗೆ ಬಂದು ಮೀಟರು, ತಂತಿ ನೋಡಲು 163ನೇ ಸೆಕ್ಷನ್ ಅಧಿಕಾರ ಕೊಡುತ್ತದೆ; ಆದರೆ ಯೋಗ್ಯ ಸಮಯದಲ್ಲಿ, ಮನೆಯವರಿಗೆ ತಿಳಿಸಿ. ಮನೆಯವರು ಒಳಗೆ ಬಿಡದಿದ್ದರೂ ಆ ಕ್ಷಣವೇ ಕಡಿಯುವಂತಿಲ್ಲ, ಲಿಖಿತ ನೋಟಿಸು ಕೊಟ್ಟು 24 ಗಂಟೆ ಕಾಯಬೇಕು. ಕಳ್ಳತನದ ಸಂಶಯದಲ್ಲಿ ವಾಸದ ಮನೆಯನ್ನು ಶೋಧಿಸುವುದಾದರೆ 135ನೇ ಸೆಕ್ಷನ್ನಿನಲ್ಲಿ ಇನ್ನೊಂದು ಕಟ್ಟಳೆಯಿದೆ: ಸೂರ್ಯ ಮುಳುಗಿದ ಮೇಲೆ, ಮೂಡುವುದಕ್ಕೆ ಮುಂಚೆ, ಮನೆಯ ವಯಸ್ಕ ಗಂಡಸಿನ ಎದುರಿಗಲ್ಲದೆ ಶೋಧಿಸಕೂಡದು. ಕಾಯ್ದೆ ಬರೆದವರಿಗೆ ರಾತ್ರಿಯ ನೆನಪಾಗಿದೆ. ಹಾಲು ಕುಡಿಸುವ ಹೊತ್ತು, ಮಗು ಮಲಗುವ ಹೊತ್ತು ಅವರ ಲೆಕ್ಕಕ್ಕೆ ಬಂದಿಲ್ಲ.

ಬಿಲ್ಲಿನ ಮೇಲೆ ತಕರಾರಿದ್ದರೆ ಅದಕ್ಕೂ ದಾರಿಯಿದೆ. ಪ್ರತಿ ವಿತರಣಾ ಕಂಪನಿಯೂ ಗ್ರಾಹಕರ ಕುಂದುಕೊರತೆ ವೇದಿಕೆಯೊಂದನ್ನು ನಡೆಸಲೇಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. 1912ಕ್ಕೆ ಫೋನ್ ಮಾಡಬಹುದು. ಇವೆಲ್ಲ ಬಿಲ್ಲಿನ ಹಿಂಬದಿಯಲ್ಲೋ ಕಚೇರಿಯ ಗೋಡೆಯಲ್ಲೋ ಕನ್ನಡದಲ್ಲಿ ನಾಲ್ಕು ಸಾಲಾಗಿ ಇದ್ದರೆ ಗಡಿ ಮಂಡಲಗಳ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಈ ನಡುವೆ ಸ್ಮಾರ್ಟ್ ಮೀಟರ್ ಬಂತು. ಕೇಂದ್ರವು 2020ರ ಡಿಸೆಂಬರಿನಲ್ಲಿ ಹೊರಡಿಸಿದ ಗ್ರಾಹಕ ಹಕ್ಕುಗಳ ನಿಯಮಗಳು ಮುಂಗಡ ಹಣದ ಮೀಟರಿನತ್ತ ದೇಶವನ್ನು ತಿರುಗಿಸಿದವು. ಆಂಧ್ರದಲ್ಲಿ ಎಡಪಕ್ಷಗಳು ಇದರ ವಿರುದ್ಧ ಬೀದಿಗಿಳಿದವು, ಒಪ್ಪಿಗೆಯಿಲ್ಲದೆ ವಾಸದ ಮನೆಗಳಿಗೆ ಅಳವಡಿಸುವುದಿಲ್ಲವೆಂದು ರಾಜ್ಯದ ಇಂಧನ ಸಚಿವರು 2025ರಲ್ಲಿ ಹೇಳಿದರು. ಮೀಟರ್ ಒಳ್ಳೆಯದೋ ಕೆಟ್ಟದೋ ಎಂಬ ವಾದ ಬೇರೆ. ಮಕ್ಕಳಿರುವ ಮನೆಗೆ ಮುಖ್ಯವಾದ ಪ್ರಶ್ನೆ, ನಡುರಾತ್ರಿ ಹಣ ಮುಗಿದರೆ ಏನು ಎಂಬುದು. ಸಾಮಾನ್ಯ ಮೀಟರಿಗೆ ಕಾಯ್ದೆ ಕೊಟ್ಟ 15 ದಿನದ ಉಸಿರು ಮುಂಗಡ ಹಣದ ಮೀಟರಿನಲ್ಲಿ ಎಲ್ಲಿ ಹೋಗುತ್ತದೆ?

ಈ ಪ್ರಶ್ನೆಗೆ ಬ್ರಿಟನ್ನಿನಲ್ಲಿ ಉತ್ತರ ಸಿಕ್ಕಿದೆ, ಅದೂ ಒಂದು ಹಗರಣದ ಮೂಲಕ. ಅಲ್ಲಿ ಕರೆಂಟು, ಗ್ಯಾಸು ಮಾರುವವು ಒಂದಕ್ಕೊಂದು ಪೈಪೋಟಿ ಮಾಡುವ ಖಾಸಗಿ ಕಂಪನಿಗಳು. ಮನೆಬಾಗಿಲಿಗೆ ಹೋಗಿ ಸುಳ್ಳು ಲೆಕ್ಕ ತೋರಿಸಿ ಗಿರಾಕಿಗಳನ್ನು ಸೆಳೆದುದಕ್ಕಾಗಿ ಎಸ್‌ಎಸ್‌ಇ ಎಂಬ ಕಂಪನಿಗೆ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2013ರಲ್ಲಿ 1.05 ಕೋಟಿ ಪೌಂಡ್ ದಂಡ ಹಾಕಿತು. 2023ರ ಫೆಬ್ರುವರಿಯಲ್ಲಿ ದಿ ಟೈಮ್ಸ್ ಪತ್ರಿಕೆ ಇನ್ನೊಂದನ್ನು ಬಯಲು ಮಾಡಿತು: ಬ್ರಿಟಿಷ್ ಗ್ಯಾಸ್ ಪರವಾಗಿ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರು ಬಾಕಿದಾರರ ಮನೆಗಳಿಗೆ ಬೀಗ ಮುರಿದು ನುಗ್ಗಿ ಮುಂಗಡ ಹಣದ ಮೀಟರ್ ಕೂಡಿಸುತ್ತಿದ್ದರು. ಅಂಥ ಮನೆಗಳಲ್ಲಿ ಚಿಕ್ಕ ಮಕ್ಕಳಿದ್ದ ಮನೆಗಳೂ ಇದ್ದವು. ಬಲವಂತದ ಅಳವಡಿಕೆ ನಿಂತಿತು, ಅದೇ ವರ್ಷದ ನವೆಂಬರಿನಲ್ಲಿ ಹೊಸ ನಿಯಮ ಬಂತು. ಎರಡು ವರ್ಷದೊಳಗಿನ ಮಗುವಿರುವ ಮನೆಗೆ ಒಪ್ಪಿಗೆಯಿಲ್ಲದೆ ಇಂಥ ಮೀಟರ್ ಹಾಕುವಂತಿಲ್ಲ ಎಂಬುದು ಅದರ ಒಂದು ಅಂಶ. ತೊಟ್ಟಿಲನ್ನು ಹೆಸರಿಸಿದ ಇಂಧನ ನಿಯಮ ಅದು. ಭಾರತದ ವಿದ್ಯುತ್ ಕಾಯ್ದೆಯಲ್ಲಿ ಮಗುವಿನ ಮಾತೇ ಇಲ್ಲ.

ಇನ್ನು ಸೋಲಾರು. ಮಡಕಶಿರಾದ ಗಡಿಯಾಚೆ ಪಾವಗಡ ತಾಲ್ಲೂಕಿನಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಹರಡಿದೆ, ಇತ್ತ ನಂಬುಲಪೂಲಕುಂಟದಲ್ಲಿ ಇನ್ನೊಂದಿದೆ. ಬಿಸಿಲಿಗೆ ಬೆಲೆಯಿದೆ ಎಂಬುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಛಾವಣಿಯ ಫಲಕಕ್ಕೆ ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿಯವರೆಗೆ ಸಹಾಯಧನ ಕೊಡುತ್ತದೆ. ಮಾರುವವರ ಬಾಯಲ್ಲಿ ಇದು "ಎಲ್ಲಾ ಫ್ರೀ" ಆಗಿ ಹೋಗುತ್ತದೆ.

ಲೆಕ್ಕ ಹಾಗಿಲ್ಲ. ಆಂಧ್ರದಲ್ಲಿ 2022ರಿಂದ ಬಂದ ಮನೆ ದರದಲ್ಲಿ ಮೊದಲ 30 ಯೂನಿಟ್‌ಗೆ 1.90, 31ರಿಂದ 75ರವರೆಗೆ 3 ರೂಪಾಯಿ, 76ರಿಂದ 125ರವರೆಗೆ 4.50. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಯ ಕರೆಂಟಿನ ಬೆಲೆ ಇದರಂತೆ ಸುಮಾರು 305 ರೂಪಾಯಿ. ಸ್ಥಿರ ಶುಲ್ಕ, ಸುಂಕ, ಇಂಧನ ಹೊಂದಾಣಿಕೆ ಶುಲ್ಕ ಬೇರೆ. ಅಷ್ಟು ಬಳಸುವವರಿಗೆ ಒಂದು ಕಿಲೋವಾಟ್ ಸಾಕು. ಸರ್ಕಾರ ಲೆಕ್ಕ ಹಿಡಿದ ವೆಚ್ಚದಂತೆ ಅದಕ್ಕೆ 50,000. ಸಹಾಯಧನ ಕಳೆದರೆ ಕೈಯಿಂದ 20,000. ಆರು ವರ್ಷದೊಳಗೆ ಹಿಂದಿರುಗುತ್ತದೆ. ಮಾರುವವರು ಹೊರಿಸುವುದು ಮೂರು ಕಿಲೋವಾಟ್: ವೆಚ್ಚ 1,45,000, ಸಹಾಯಧನ ಕಳೆದು 67,000, ಅದಕ್ಕೆ ಬ್ಯಾಂಕಿನ ಸಾಲ. ಬೇಕಾದುದಕ್ಕಿಂತ ಮೂರು ಪಟ್ಟು ಕರೆಂಟು ತಯಾರಾದರೆ ಮೂರು ಪಟ್ಟು ಉಳಿತಾಯವೇನೂ ಆಗದು. ಒಂದು ಕಿಲೋವಾಟಿಗೆ ನೂರು ಚದರಡಿಯಷ್ಟು ನೆರಳಿಲ್ಲದ ಗಟ್ಟಿ ಛಾವಣಿಯೂ ಬೇಕು, ಮಣ್ಣಿನ ಮಾಳಿಗೆಗೆ ಇದು ಆಗುವ ಮಾತಲ್ಲ. 200 ಯೂನಿಟ್‌ವರೆಗೆ ಉಚಿತ ಕರೆಂಟು ಪಡೆಯುವ ಅರ್ಹ ಪರಿಶಿಷ್ಟ ಜಾತಿ, ಪಂಗಡದ ಮನೆಗೆ ಸಾಲದ ಮೇಲೆ ಫಲಕ ಮಾರುವುದಂತೂ ನೇರ ಅನ್ಯಾಯ.

ಇಂಥ ಲೆಕ್ಕಕ್ಕೆ ಅರ್ಧ ಗಂಟೆ, ಪೆನ್ನು, ಹಳೆಯ ಬಿಲ್ಲುಗಳು ಬೇಕು. ಮಾರುವವರು ಕೊಡುವುದು ಐದು ನಿಮಿಷ. "ಆಧಾರ್ ಕೊಡಿ, ಬಿಲ್ಲಿನ ಫೋಟೋ ತೆಗಿತೀನಿ, ಓಟಿಪಿ ಹೇಳಿ, ಆಫರ್ ಇವತ್ತೇ ಲಾಸ್ಟು." ಓಟಿಪಿ ಹೇಳಿದ ಮೇಲೆ ಯಾವ ಅರ್ಜಿಗೆ, ಯಾವ ಸಾಲಕ್ಕೆ ಒಪ್ಪಿದಂತಾಯಿತೋ ತಿಳಿಯುವುದಿಲ್ಲ. ಯೋಜನೆಯ ಪೋರ್ಟಲಿನಲ್ಲಿ ನೋಂದಾಯಿತ ಮಾರಾಟಗಾರರನ್ನು ಆಯ್ಕೆ ಮಾಡುವುದು ಗ್ರಾಹಕರ ಹಕ್ಕು. ಸಹಾಯಧನ ಬರುವುದೂ ಗ್ರಾಹಕರ ಖಾತೆಗೆ, ಅದೂ ಫಲಕ ಕೂಡಿಸಿ ಪರಿಶೀಲನೆ ಮುಗಿದ ಮೇಲೆ. ಮನೆಗೆ ಹೋಗಿ ಮಾರುವ ಡೈರೆಕ್ಟ್ ಸೆಲ್ಲಿಂಗ್ ಕಂಪನಿಗಳ ಪ್ರತಿನಿಧಿಗಳು ಗುರುತಿನ ಚೀಟಿಯಿಲ್ಲದೆ, ಮುಂಚಿತ ಒಪ್ಪಿಗೆಯಿಲ್ಲದೆ ಯಾರ ಮನೆಗೂ ಹೋಗಬಾರದೆಂದು 2021ರ ಡಿಸೆಂಬರಿನ ನಿಯಮಗಳು ಹೇಳುತ್ತವೆ. ಡಬ್ಬಿ, ಸೌಂದರ್ಯವರ್ಧಕ ಮಾರುವವರಿಗೆ ಇರುವ ಈ ಶಿಸ್ತನ್ನು ಅರುವತ್ತೇಳು ಸಾವಿರದ ಸಾಲ ಹೊರಿಸುವವರೂ ಪಾಲಿಸಿದರೆ ತಪ್ಪೇನಿಲ್ಲ.

ಫೋನಿನ ಕಾಟಕ್ಕೆ ಹೆಚ್ಚು ವಿವರಣೆ ಬೇಡ. 1909ಕ್ಕೆ ಸಂದೇಶ ಕಳಿಸಿ ವಾಣಿಜ್ಯ ಕರೆಗಳನ್ನು ತಡೆಯಬಹುದು. "ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟು ಕಟ್" ಎಂದು ಖಾಸಗಿ ನಂಬರಿನಿಂದ ಬರುವ ಸಂದೇಶ ಕಳ್ಳರದು. ಅಂಥ ಕಳ್ಳರಿಗೆ ಇಷ್ಟು ಸುಲಭವಾಗಿ ಬೇಟೆ ಸಿಗಲು ಒಂದು ಕಾರಣ, ನಿಜವಾದ ಸಿಬ್ಬಂದಿಯೂ ಅದೇ ಧಾಟಿಯಲ್ಲಿ ಮಾತಾಡುತ್ತಾ ಬಂದಿರುವುದು. ಕಡಿಯುತ್ತೇವೆ ಎಂಬ ಮಾತಿಗೆ ಹೆದರುವ ಅಭ್ಯಾಸವನ್ನು ಕಚೇರಿ ಮಾಡಿಸಿದೆ, ಅದರ ಬೆಳೆಯನ್ನು ಕಳ್ಳ ಕೊಯ್ಯುತ್ತಿದ್ದಾನೆ.

"ಯಜಮಾನ್ರು ಇಲ್ವಾ?" ಎಂಬ ಪ್ರಶ್ನೆಯನ್ನೂ ಇಲ್ಲಿ ಹೇಳಲೇಬೇಕು. ನಿರ್ಧಾರದ ಮಾತಿಗೆ ಗಂಡಸನ್ನು ಕೇಳುವವರು ಹಣ ವಸೂಲಿಗೆ, ಓಟಿಪಿಗೆ, ಸಹಿಗೆ ಹೆಂಗಸೇ ಸಾಕು ಎನ್ನುತ್ತಾರೆ. ದೀಪಂ, ಉಜ್ವಲಾ ಸಂಪರ್ಕಗಳಂತೂ ಹೆಂಗಸಿನ ಹೆಸರಲ್ಲೇ ಇವೆ. ಅವಳೇ ಗ್ರಾಹಕಿ. "ಈಗ ಆಗಲ್ಲ, ಮಗು ಮಲಗಿದೆ" ಎಂದು ಅವಳು ಹೇಳಿದರೆ ಅದು ಪೂರ್ಣ ಉತ್ತರ, ಮುಂದಿನ ಪ್ರಶ್ನೆಗೆ ಆಸ್ಪದವಿಲ್ಲ.

ಆಗಬೇಕಾದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾಯ್ದೆ ಬೇಡ. ಗ್ಯಾಸ್ ಏಜೆನ್ಸಿ ತಪಾಸಣೆಗೆ ಬರುವ ದಿನ, ಹೊತ್ತನ್ನು ಹಿಂದಿನ ದಿನವೇ ತಿಳಿಸಲಿ. ತಪಾಸಣೆಗೆ ಬಂದವರು ಆ ದಿನ ಏನನ್ನೂ ಮಾರದಿರಲಿ. ಪೈಪು ನಿಜವಾಗಿ ಹಳತಾಗಿದ್ದರೆ ಅದರ ಮೇಲಿನ ವರ್ಷವನ್ನು ತೋರಿಸಿ ಚೀಟಿ ಬರೆದುಕೊಟ್ಟು ಹೋಗಲಿ. ವಿದ್ಯುತ್ ಕಚೇರಿಗಳು ಗಡಿ ಮಂಡಲಗಳ ನೋಟಿಸನ್ನು ಕನ್ನಡದಲ್ಲೂ ಮುದ್ರಿಸಲಿ. ಸೋಲಾರ್ ಮಾರುವವರು ಮನೆಯ ಹನ್ನೆರಡು ತಿಂಗಳ ಬಿಲ್ಲು ನೋಡದೆ ಕಿಲೋವಾಟಿನ ಮಾತೆತ್ತದಿರಲಿ. ನಿಯಮವೇ ಬೇಕಾಗಿರುವುದು ಒಂದಕ್ಕೆ ಮಾತ್ರ: ಎರಡು ವರ್ಷದೊಳಗಿನ ಮಗುವಿರುವ ಮನೆಯ ಕರೆಂಟನ್ನು ಬಾಕಿಗಾಗಿ ಕಡಿಯುವ ಮೊದಲು ಹೆಚ್ಚಿನ ಗಡುವು, ಮುಂಗಡ ಹಣದ ಮೀಟರಿಗೆ ತಾಯಿಯ ಒಪ್ಪಿಗೆ. ಆಂಧ್ರಪ್ರದೇಶ ವಿದ್ಯುತ್ ನಿಯಂತ್ರಣ ಆಯೋಗ ದರ ನಿಗದಿಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಮುಂದಿನ ವಿಚಾರಣೆಗೆ ರಾಯದುರ್ಗ, ಮಡಕಶಿರಾದ ಸ್ವಸಹಾಯ ಸಂಘಗಳು ಈ ಬೇಡಿಕೆಯನ್ನು ಬರೆದು ಕಳಿಸಬೇಕು. ಅಲ್ಲಿಯವರೆಗೆ ಗ್ಯಾಸ್ ಸೋರಿದರೆ 1906, ಕರೆಂಟಿನ ದೂರಿಗೆ 1912, ಬಲವಂತದ ಮಾರಾಟಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಈ ಮೂರು ಸಂಖ್ಯೆಗಳನ್ನು ಏಜೆನ್ಸಿಗಳೇ ತಮ್ಮ ಬಾಗಿಲ ಮೇಲೆ ಕನ್ನಡದಲ್ಲಿ ಬರೆಸಲಿ.